ಮೂರನೇ ಸುತ್ತಿಗೆ ಕುದಿಯುವ ಕಾರು

ಗಣಿ ಹಣ ಉಕ್ಕುತ್ತಿದ್ದ ವರ್ಷಗಳಲ್ಲಿ ನಾನು ಹೊಸಪೇಟೆಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಸಂಡೂರಿನ ಗಣಿ ಮಾಲೀಕನೊಬ್ಬ ಶೋಕಿಗೆಂದು ನನ್ನಿಂದ ರೇಸ್ ಕಾರು ಮಾಡಿಸಿಕೊಂಡಿದ್ದ. ಶೆಡ್ಡಿನಲ್ಲಿ ತಾಸುಗಟ್ಟಲೆ ಚಾಲೂ ಇಟ್ಟರೂ ಇಂಜಿನ್ನಿಗೆ ಏನೂ ಆಗುತ್ತಿರಲಿಲ್ಲ. ಮೈದಾನದಲ್ಲಿ ಆತ ಮೂರು ಸುತ್ತು ಹೊಡೆದರೆ ಸಾಕು, ಕುದಿಯುತ್ತಿತ್ತು. ಎಲ್ಲರೆದುರು ನನ್ನನ್ನು ಬೈಯುತ್ತಿದ್ದ: "ನಿಂಗ ಕೆಲ್ಸ ಬರ್ತೈತೇನ್ಲೇ?"

ಥರ್ಮೋಸ್ಟಾಟ್ ಬದಲಿಸಿದೆ. ವಾಟರ್ ಪಂಪ್ ಬದಲಿಸಿದೆ. ಹೆಡ್ ಗ್ಯಾಸ್ಕೆಟ್ಟನ್ನೂ ಬಿಡಲಿಲ್ಲ. ನನ್ನ ಕೈಗಳನ್ನು ನಾನೇ ಅನುಮಾನಿಸಿದ್ದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆರನೇ ಸಲ ಬಾನೆಟ್ ಎತ್ತಲು ಹೋದಾಗ ಕೈ ಅಲ್ಲೇ ನಿಂತಿತು. ಕಾರಿನ ಮುಂದೆ, ಗ್ರಿಲ್ಲಿನ ಉದ್ದಗಲಕ್ಕೂ ಕಟ್ಟಿದ್ದ ತಗಡಿನ ಬೋರ್ಡಿನ ಚಿತ್ರದಲ್ಲಿ ಮಾಲೀಕ ಕೈಮುಗಿದು ನಗುತ್ತಿದ್ದ. ಕೆಲಸಕ್ಕೆ ಅಡ್ಡವೆಂದು ಅದನ್ನು ಪ್ರತಿ ಸಲ ನಾನೇ ಬಿಚ್ಚಿಡುತ್ತಿದ್ದೆ. ರೇಸಿಗೆ ಮುಂಚೆ ಅವನ ಕಡೆಯವರು ಮತ್ತೆ ಕಟ್ಟುತ್ತಿದ್ದರು. ಇಂಜಿನ್ ತಣಿಸುವ ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರಬೇಕು?

ಬೋರ್ಡಿಲ್ಲದೆ ನಾನೇ ಹತ್ತು ಸುತ್ತು ಹೊಡೆದೆ. ಗೇಜಿನ ಮುಳ್ಳು ಮೇಲೇರಲಿಲ್ಲ. ಬೋರ್ಡನ್ನು ಅವನ ಮುಂದೆ ಒಯ್ದಿಟ್ಟು, "ತಪ್ಪು ಇದರದ್ರಿ" ಎಂದೆ.

ಆತ ಕರ್ಚೀಫ್ ತೆಗೆದು ಚಿತ್ರದ ಮೇಲಿನ ಕೆಂಪು ಧೂಳನ್ನು ಒರೆಸಿದ.

"ಇದನ್ನ ಇದ್ದಲ್ಲೇ ಕಟ್ಟು. ಬೇಕಾದ್ರ ಇಂಜಿನ್ನ ಬದ್ಲಿ ಮಾಡು."