ಲಿನೆಟ್ಸ್‌ಗೆ ಬೂಟು ಹೊಲಿದ ಎನಿಡ್

ಎನಿಡ್ ಫೆಲೋಸ್ ಹದಿನೈದನೇ ವಯಸ್ಸಿಗೇ ಇಂಗ್ಲೆಂಡಿನ ವಾಲ್ಸಾಲ್‌ನ ಜೀನು ಕಾರ್ಖಾನೆ ಸೇರಿದವಳು. ನಾನು ಅಲ್ಲಿಗೆ ಸೇರಿದಾಗ ಅವಳಿಗೆ ಮೂವತ್ತೆಂಟು ವರ್ಷ. ಅವಳ ಪಕ್ಕದ ಬೆಂಚೇ ನನ್ನದು. ಇಬ್ಬರೂ ಅಲ್ಲೇ ಕೂತು ಕುದುರೆಯ ಜೀನುಗಳಿಗೆ ಮೇಣ ಸವರಿದ ದಾರ ಎಳೆಯುತ್ತ ಹಲವು ವರ್ಷ ಕಳೆದೆವು. ಅವಳದು ಮಾತು ಕಡಿಮೆ. ನನ್ನ ಹೊಲಿಗೆ ಕೆಟ್ಟಾಗ ಮಾತ್ರ, "ಕುದುರೆಗೆ ಬಾಯಿಲ್ಲ ಅಂತ ಹೀಗೆ ಹೊಲಿತೀಯಾ?" ಎಂದು ಪೂರ್ತಿ ಬಿಚ್ಚಿಸುತ್ತಿದ್ದಳು.

ಅವಳ ಪಕ್ಕದ ಮನೆಯಲ್ಲಿ ಪಾರ್ಜಿಟರ್ ಕುಟುಂಬವಿತ್ತು. ಅವರ ಮಗ ರಾಯ್‌ಗೆ ಎಳವೆಯಲ್ಲೇ ಪೋಲಿಯೋ ಬಂದು ಎಡಗಾಲು ಎರಡಂಗುಲ ಗಿಡ್ಡವಾಗಿತ್ತು. ಕಂಠ ಮಾತ್ರ ಎಂಥವರೂ ತಲೆದೂಗುವಂಥದ್ದು. 1971ರಲ್ಲಿ ಅವನು ಮೂವರು ಗೆಳೆಯರನ್ನು ಕೂಡಿಕೊಂಡು 'ಸ್ಯಾಟಿನ್ ಲಿನೆಟ್ಸ್' ಎಂಬ ಬ್ಯಾಂಡ್ ಕಟ್ಟಿದ. ಪಬ್ಬುಗಳಲ್ಲಿ ಸ್ಟೂಲಿನ ಮೇಲೆ ಕೂತೇ ಹಾಡುತ್ತಿದ್ದ. ಎದ್ದು ನಡೆದರೆ ಜನ ಹಾಡು ಬಿಟ್ಟು ಕಾಲು ನೋಡುತ್ತಾರೆ ಎಂಬ ಅಳುಕು ಅವನಿಗೆ.

ಒಂದು ಶನಿವಾರ ಮಧ್ಯಾಹ್ನ ಅವನು ಎನಿಡ್‌ಳ ಅಡುಗೆಮನೆಗೆ ಬಂದು ಕೂತ.

"ಆಂಟಿ, ಲಂಡನ್ನಿನ ಹುಡುಗ್ರೆಲ್ಲ ಈಗ ಎತ್ತರದ ಅಟ್ಟೆ ಬೂಟು ಹಾಕ್ತಿದಾರೆ. ನಂಗೂ ಒಂದು ಜೊತೆ ಮಾಡ್ಕೊಡ್ತೀರಾ?"

"ನಾನು ಕುದುರೆಗೆ ಹೊಲಿಯೋಳಪ್ಪ."

"ನಾನೂ ಕುಂಟು ಕುದುರೇನೇ ಅಲ್ವಾ?"

"ಹಂಗೆಲ್ಲ ಅನ್ನೋದಾದ್ರೆ ಎದ್ದು ಹೋಗು. ಇಲ್ಲ ಅಂದ್ರೆ ಕಾಲು ತೋರ್ಸು."

ಅಟ್ಟೆಯನ್ನು ಹಗುರವಾದ ಬೆಂಡಿನಿಂದ ಕಟ್ಟಿದಳು. ಬಲಗಾಲಿಗೆ ನಾಲ್ಕಂಗುಲ, ಎಡಗಾಲಿಗೆ ಆರಂಗುಲ. ನೋಡುವವರ ಕಣ್ಣಿಗೆ ಅಳತೆ ಸಿಗದಿರಲೆಂದು ಬೆಳ್ಳಿಬಣ್ಣದ ಚರ್ಮದ ಮೇಲೆ ಓರೆಯಾಗಿ ಕೆಂಪು ಪಟ್ಟಿಗಳನ್ನು ಹೊಲಿದಳು. ಮೂರು ಸಲ ಕೆಟ್ಟಿತು, ನಾಲ್ಕನೇ ಸಲ ಸರಿಹೋಯಿತು. ಅದಾದ ಮುಂದಿನ ಸೋಮವಾರ ಬೆಂಚಿನಲ್ಲಿ ನಾನು ಕೇಳಿದ್ದಕ್ಕೆ, "ಬಾಗಿಲ ತನಕ ನೆಟ್ಟಗೆ ನಡ್ಕೊಂಡು ಹೋಗಿ ಬಂದ. ಆಮೇಲೆ ಗೋಡೆ ಹಿಡ್ಕೊಂಡು ಅತ್ತ. ನಾನು ಟೀಗೆ ನೀರಿಡೋಕೆ ಹೋದೆ," ಎಂದಳು. ಅಷ್ಟೇ.

ಅಲ್ಲಿಂದ ರಾಯ್ ನಿಂತು ಹಾಡತೊಡಗಿದ. ಎರಡೇ ವರ್ಷದಲ್ಲಿ ಲಿನೆಟ್ಸ್ ಟಿವಿಯಲ್ಲಿ ಬಂತು. ಕೆನ್ನೆಗೆ ಮಿಂಚಿನ ಪುಡಿ ಬಳಿದುಕೊಂಡು, ಝಗಝಗಿಸುವ ಕೋಟು ತೊಟ್ಟು, ಅವನು ಆ ಬೂಟುಗಳಲ್ಲಿ ವೇದಿಕೆ ನಡುಗುವ ಹಾಗೆ ತಾಳ ಹಾಕುತ್ತಿದ್ದ. ದೇಶದ ಹುಡುಗರೆಲ್ಲ ಅಂಥದ್ದೇ ಬೂಟು ಹಾಕಿಕೊಂಡು ಕಾಲು ಉಳುಕಿಸಿಕೊಂಡರು. ನಮ್ಮ ಬೀದಿಗೆಲ್ಲ ಅವನ ಕಾಲಿನ ವಿಷಯ ಗೊತ್ತಿತ್ತು. ಆದರೂ ಲಂಡನ್ನಿನಿಂದ ಪತ್ರಿಕೆಯವನೊಬ್ಬ ಬಂದು ಪಬ್ಬಿನಲ್ಲಿ ವಿಚಾರಿಸಿದಾಗ, "ರಾಯಾ? ಯಾವ ರಾಯ್?" ಎಂದರೇ ಹೊರತು ಒಬ್ಬರೂ ಬಾಯಿ ಬಿಡಲಿಲ್ಲ.

1974ರ ವಸಂತದಲ್ಲಿ ಬಿಲ್‌ಸ್ಟನ್‌ನ ಯಾರ್ಡ್ಲಿ ಎಂಬ ಹೆಂಗಸು ಮಗಳು ಜಿಲಿಯನ್‌ಳನ್ನು ಕರೆದುಕೊಂಡು, ಲಿನೆಟ್ಸ್‌ಗೆ ಬೂಟು ಹೊಲಿಯುವವಳು ಇವಳೇ ಎಂದು ಯಾರಿಂದಲೋ ತಿಳಿದು, ಎನಿಡ್‌ಳನ್ನು ಹುಡುಕಿ ಬಂದಳು. ಹನ್ನೊಂದು ವರ್ಷದ ಹುಡುಗಿ. ಹುಟ್ಟಿನಿಂದಲೇ ಬಲಗಾಲು ಗಿಡ್ಡ. ಆಸ್ಪತ್ರೆಯವರು ಕೊಟ್ಟ ಕಪ್ಪು ಬೂಟು ಕಬ್ಬಿಣದಷ್ಟು ಭಾರ. ಅವಳಿಗೆ ಲಿನೆಟ್ಸ್‌ನವರ ಬೂಟೇ ಬೇಕಂತೆ.

"ನಂಗೋಸ್ಕರ ಒಂದು ಅಟ್ಟೆ ದಪ್ಪ ಮಾಡಕ್ಕಾಗುತ್ತಾ?" ಎಂದಳು ಹುಡುಗಿ.

ಆಗುತ್ತದೆ ಎನ್ನಲು ಎನಿಡ್‌ಗೆ ಅನುಭವವಿತ್ತು. ಆದರೆ ಆ ಅನುಭವ ಎಲ್ಲಿಯದೆಂದು ಹೇಳುವ ಹಕ್ಕು ಅವಳದಾಗಿರಲಿಲ್ಲ. ಮುಂದಿನ ಭಾನುವಾರ ಬರಹೇಳಿ ಕಳಿಸಿದಳು. ಆ ಭಾನುವಾರ ರಾಯ್ ಅಮ್ಮನನ್ನು ನೋಡಲು ಊರಿಗೆ ಬಂದಿದ್ದ. ವಿಷಯ ಕೇಳಿದವನೇ ಎನಿಡ್‌ಳ ಅಡುಗೆಮನೆಗೆ ಬಂದು, ಹುಡುಗಿಯ ಎದುರು ಕೂತು, ಎರಡೂ ಬೂಟು ಕಳಚಿಟ್ಟ. ಅವಳು ಬಹಳ ಹೊತ್ತು ಅವನ ಪಾದಗಳನ್ನೇ ನೋಡಿದಳು.

"ನಿಮ್ದು ಎಡಗಾಲು. ನಂದು ಬಲಗಾಲು."

"ಹಂಗಾದ್ರೆ ನಾವಿಬ್ರೂ ಸೇರಿ ಒಂದು ಜೊತೆ," ಎಂದ ರಾಯ್.

1977ರ ಹೊತ್ತಿಗೆ ಕಾಲ ತಿರುಗಿತ್ತು. ಮಿಂಚಿನ ಪುಡಿ ನೋಡಿದರೆ ಜನ ನಗುತ್ತಿದ್ದರು. ಬ್ಯಾಂಡಿನ ವ್ಯವಸ್ಥಾಪಕ ಹೊಸ ಬ್ಯಾಂಡುಗಳ ಹುಡುಗರ ಹಾಗೆ ಹರಕು ಅಂಗಿ, ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಹಾಕಿಕೊಳ್ಳಲು ಹೇಳಿದ. ಬರ್ಮಿಂಗ್‌ಹ್ಯಾಮ್‌ನಲ್ಲಿ ರಾಯ್ ಹಾಗೇ ವೇದಿಕೆ ಹತ್ತಿದ. "ಕುಡಿದು ಬಂದಿದೀಯೇನೋ? ನೆಟ್ಟಗೆ ನಿಂತ್ಕೊ," ಎಂದು ಕೆಳಗಿನಿಂದ ಯಾರೋ ಕೂಗಿದರು. ಹಾಡು ಮುಗಿಸಿ ಇಳಿದವನು ಬಹುಕಾಲ ಮೈಕು ಮುಟ್ಟಲಿಲ್ಲ. ಬ್ಯಾಂಡ್ ಒಡೆಯಿತು. ಅವನು ಊರಿಗೆ ಮರಳಿ ವಿಲೆನ್‌ಹಾಲ್‌ನ ಬೀಗದ ಕಾರ್ಖಾನೆಗೆ ಸೇರಿದ.

ಎನಿಡ್ ಎರಡು ವರ್ಷ ಸುಮ್ಮನಿದ್ದಳು. ಆಮೇಲೆ ಒಂದು ದಿನ ಬೇಲಿಯ ಆಚೆಯಿಂದಲೇ ಕೇಳಿದಳು: "ಬೀಗದ ಕಾರ್ಖಾನೆ ಸೇರಿ ಬಾಯಿಗೂ ಬೀಗ ಹಾಕ್ಕೊಂಡ್ಯೇನೋ?"

"ಆ ಬೂಟು ಹಾಕಿದ್ರೆ ನಗ್ತಾರೆ ಆಂಟಿ. ಬಿಚ್ಚಿದ್ರೂ ನಗ್ತಾರೆ."

"ನಗ್ಲಿ ಬಿಡು. ನಮ್ಮ ಕ್ಲಬ್ಬಲ್ಲಿ ಹಾಡು. ನಗೋರು ಯಾರು ಅಂತ ನಾನು ನೋಡ್ಕೋತೀನಿ."

ಆ ವಾರ ಕಾರ್ಮಿಕರ ಕ್ಲಬ್ಬಿನಲ್ಲಿ ಕುರ್ಚಿ ಸಾಲಲಿಲ್ಲ. ರಾಯ್ ಸಾದಾ ಶೂ ಹಾಕಿಕೊಂಡು, ಕುಂಟುತ್ತಲೇ ವೇದಿಕೆಯ ನಡುವಿಗೆ ಬಂದ. "ನನ್ನ ಒಂದು ಕಾಲು ಗಿಡ್ಡ. ಇಷ್ಟು ವರ್ಷ ನೀವು ಟಿವೀಲಿ ನೋಡಿದ್ದು ಅಲ್ಲಿ ಕೂತಿರೋ ಎನಿಡ್ ಫೆಲೋಸ್ ಕೈಕೆಲಸ," ಎಂದು ಬೆರಳು ತೋರಿಸಿದ. ಅವಳು ತಲೆ ತಗ್ಗಿಸಿ ಬಟಾಣಿಯ ಬಟ್ಟಲಿನಲ್ಲಿ ಏನೋ ಹುಡುಕತೊಡಗಿದಳು. ಅವನು ಒಂದು ಗಂಟೆ ಹಾಡಿದ. ಯಾರೂ ನಗಲಿಲ್ಲ.

ಸ್ಥಳೀಯ ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಎಲ್ಲೆಲ್ಲಿಂದಲೋ ಕಾಗದಗಳು ಬಂದವು. ಕಾಲು ಗಿಡ್ಡವಿದ್ದವರು, ಹುಟ್ಟಿನಿಂದಲೇ ಪಾದ ತಿರುಚಿದ್ದ ಮಕ್ಕಳ ತಾಯಂದಿರು, ಗಣಿಯಲ್ಲಿ ಮೂಳೆ ಮುರಿದುಕೊಂಡವರು. ಎನಿಡ್ ಜೀನಿನ ಕೆಲಸ ಬಿಟ್ಟು ಮನೆಯ ಮುಂದಿನ ಕೋಣೆಯಲ್ಲೇ ಬೂಟು ಹೊಲಿಯತೊಡಗಿದಳು. ಹಸಿರು, ನೇರಳೆ, ನಕ್ಷತ್ರ ಹೊಲಿದದ್ದು, ಯಾರಿಗೆ ಏನು ಬೇಕೋ ಅದು. ಮದುವೆಗೆಂದು ಬಿಳಿ ಬೂಟು ಮಾಡಿಸಿಕೊಂಡವರೂ ಇದ್ದರು. ಹದಿನೇಳು ವರ್ಷ ಹೊಲಿದಳು. ಬೆರಳು ಸೊಟ್ಟಗಾಗಿ ದಬ್ಬಣ ಹಿಡಿಯಲಾಗದೆ ಹೋದ ಮೇಲೆ ನಿಲ್ಲಿಸಿದಳು.

ಕೊನೆಯ ಬೇಸಿಗೆಯಲ್ಲಿ ಅವಳನ್ನು ನೋಡಲು ಹೋದಾಗ ನಾನು ಕೇಳಿದೆ: "ನಿಜ ಹೇಳು, ಲಿನೆಟ್ಸ್ ಹಾಡು ನಿಂಗೆ ಇಷ್ಟ ಆಗ್ತಿತ್ತಾ?"

"ಇಲ್ಲ ಕಣೆ, ಬರೀ ಗಲಾಟೆ. ಟಿವಿ ಸೌಂಡ್ ಸಣ್ಣ ಮಾಡ್ಕೊಂಡು ಅವ್ನು ನಿಂತ್ಕೊಳೋದು ನೋಡ್ತಿದ್ದೆ."

ಅಕ್ಟೋಬರಿನಲ್ಲಿ ತೀರಿಕೊಂಡಳು. ಇಗರ್ಜಿಯಲ್ಲಿ ಜಾಗ ಸಾಲದೆ ಜನ ಹೊರಗೆ ರಸ್ತೆಯವರೆಗೂ ನಿಂತಿದ್ದರು.