ಕೆಂಟನ್ನಿನ ಹಿತ್ತಿಲಲ್ಲೊಂದು ಕಾಡುಕುರಿ

ತೊಂಬತ್ತರ ದಶಕದ ಒಂದು ಭಾನುವಾರ ಬೆಳಿಗ್ಗೆ ನಾನೂ ನನ್ನ ಗಂಡನೂ ಹಳೆ ಸಾಮಾನಿನ ಸಂತೆಗೆ ಹೋಗಿ, ಇಸ್ತ್ರಿ ಮಾಡುವ ಹಲಗೆಯೊಂದನ್ನು ಕೊಂಡು ಇಂಗ್ಲೆಂಡಿನ ಕೆಂಟನ್ನಿನಲ್ಲಿದ್ದ ನಮ್ಮ ಮನೆಗೆ ವಾಪಸಾಗುತ್ತಿದ್ದೆವು. ಸ್ಟ್ಯಾನ್‌ಮೋರಿನ ಆಚೆ, ಎರಡೂ ಬದಿ ಮರಗಳಿರುವ ರಸ್ತೆ. ಚಳಿಯಿದ್ದರೂ ಒಳ್ಳೆ ಬಿಸಿಲು. ನಮ್ಮ ಮುಂದೆ ಹಸಿರು ಬಣ್ಣದ ಕಾರೊಂದು ಹೋಗುತ್ತಿತ್ತು. ಎಡಗಡೆಯ ಪೊದೆಯಿಂದ ಕಂದುಬಣ್ಣದ್ದೇನೋ ಚಂಗನೆ ಹಾರಿತು, ಧಡ್ ಎಂದು ಸದ್ದಾಯಿತು, ಆ ಕಾರು ನಿಂತಿತು. ಹಿಂದೆ ನಾವೂ ನಿಂತೆವು.

ಕಾರಿನಿಂದ ಇಳಿದವರು ಟೈ ಕಟ್ಟಿಕೊಂಡಿದ್ದ ವಯಸ್ಸಾದ ಇಂಗ್ಲಿಷ್ ಗೃಹಸ್ಥರು. ಚರ್ಚಿಗೆ ಹೊರಟವರಂತೆ. ಪಾಪ, ಕಾರಿಗೆ ಒರಗಿ ನಿಂತುಬಿಟ್ಟರು. ನನ್ನ ಗಂಡ ಅವರಿಗೆ ನಮ್ಮ ಫ್ಲಾಸ್ಕಿನ ಚಹಾ ಕೊಟ್ಟ. ನಾನು ರಸ್ತೆಯಂಚಿಗೆ ಹೋಗಿ ಬಗ್ಗಿ ನೋಡಿದೆ. ಪ್ರಾಣ ಹೋಗಿತ್ತು. ದೊಡ್ಡ ನಾಯಿಯಷ್ಟು ಮೈ, ಗೂನು ಬೆನ್ನು, ಮೋಟು ಕೊಂಬು, ತುಟಿಯಿಂದ ಇಣುಕುವ ಪುಟ್ಟ ಕೋರೆಹಲ್ಲು. ಇಲ್ಲಿಯವರು ಈ ಪುಟ್ಟ ಜಿಂಕೆಯನ್ನು ಮಂಟ್‌ಜ್ಯಾಕ್ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಆಮೇಲೆ. ಆಗ ನನ್ನ ಬಾಯಿಂದ ಬಂದದ್ದು ಒಂದೇ ಮಾತು:

"ಅಯ್ಯ, ಕಾಡುಕುರಿ!"

ನಾನು ಹುಟ್ಟಿ ಬೆಳೆದದ್ದು ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ. ತೀರ ಚಿಕ್ಕವಳಿದ್ದಾಗ ಅಜ್ಜನ ಮನೆಯಲ್ಲಿ ಇದರ ಸಾರು ಉಂಡಿದ್ದೆ. ಆಮೇಲೆ ಬೇಟೆ ನಿಂತುಹೋಯಿತು, ಸಾರೂ ನಿಂತಿತು, ಆದರೆ ಅದರ ರುಚಿ ಮಾತ್ರ ನಾಲಿಗೆಯ ಯಾವುದೋ ಮೂಲೆಯಲ್ಲಿ ಉಳಿದಿತ್ತು. ಸಮುದ್ರ ದಾಟಿ ಬಂದು ಇಂಗ್ಲೆಂಡಿನ ರಸ್ತೆಯಂಚಿನಲ್ಲಿ ಅದೇ ಪ್ರಾಣಿಯ ಎದುರು ಕುಕ್ಕರಗಾಲಲ್ಲಿ ಕೂತು ನಾನು ಅದರ ಹೊಟ್ಟೆ ಮುಟ್ಟಿ ನೋಡಿದೆ. ಇನ್ನೂ ಬೆಚ್ಚಗಿತ್ತು.

"ಏ, ಏನ್ ಮಾಡಾಕತ್ತಿ? ಎದ್ದೇಳ," ಎಂದ ಗಂಡ.

"ಒಯ್ಯೋಣು."

"ಎಲ್ಲಿಗೆ?"

"ಮನಿಗೆ. ಮತ್ತೆಲ್ಲಿಗೆ?"

"ಹುಚ್ಚ ಹಿಡದೈತೇನ್ ನಿನಗ! ಇದು ರಾಣಿದೋ, ಕೌನ್ಸಿಲ್ದೋ, ಯಾರದ್ದೋ ಏನೋ. ಪೊಲೀಸ್ರು ಡಿಕ್ಕಿ ತೆರಿ ಅಂದ್ರ ಏನ್ ತೋರಿಸ್ಲಿ?"

ಅವನು ಗ್ರೀನ್‌ಫರ್ಡಿನ ಗೋದಾಮಿನಲ್ಲಿ ಮೇಲ್ವಿಚಾರಕ. ಮಾಂಸ ಎಂದರೆ ಅವನ ಪಾಲಿಗೆ ಪ್ಲಾಸ್ಟಿಕ್ಕಿನೊಳಗೆ, ಚೀಟಿ ಅಂಟಿಸಿಕೊಂಡು ಇರುವ ವಸ್ತು. ಆದರೆ ಚಹಾ ಕುಡಿದು ಚೇತರಿಸಿಕೊಂಡ ಆ ಗೃಹಸ್ಥರು ನನ್ನ ಆಸೆಯನ್ನು ಮುಖದಲ್ಲೇ ಓದಿದರೆಂದು ಕಾಣುತ್ತದೆ. "ಗುದ್ದಿದವನು ಒಯ್ಯಬಾರದು, ಹಿಂದೆ ಬಂದವನು ಒಯ್ಯಬಹುದು ಅಂತ ನಮ್ಮಲ್ಲಿ ಹೇಳುತ್ತಾರೆ. ಅದು ಕಾನೂನೋ ಬರೀ ಮಾತೋ ನನಗೆ ತಿಳಿಯದು. ಇಲ್ಲಿ ಬಿದ್ದು ಕೊಳೆಯುವುದಕ್ಕಿಂತ ವಾಸಿ," ಎಂದು ಹೇಳಿ, ಹಿಂಗಾಲು ಹಿಡಿದು ಡಿಕ್ಕಿಗೆ ಎತ್ತಲು ತಾವೇ ಕೈ ಜೋಡಿಸಿದರು. ಇಸ್ತ್ರಿ ಹಲಗೆ ಹಿಂದಿನ ಸೀಟಿಗೆ ಬಂತು.

ಮನೆ ಮುಟ್ಟಿದ ಮೇಲೆ ನನ್ನ ಧೈರ್ಯ ಇಳಿಯತೊಡಗಿತು. ನಮ್ಮ ಬೀದಿಯಲ್ಲಿ ಹೆಚ್ಚಿನವರು ಈರುಳ್ಳಿಯನ್ನೂ ಮುಟ್ಟದ ಗುಜರಾತಿಗಳು. ಬೇಲಿಯಾಚೆ ಇದ್ದವರು ಒಬ್ಬ ಇಂಗ್ಲಿಷ್ ವಿಧವೆ. ನಾನು ಒಗ್ಗರಣೆ ಹಾಕಿದಾಗಲೆಲ್ಲ ಆಕೆಯ ಕಿಟಕಿ ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಹೀಗಾಗಿ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಮಾತು ನಮ್ಮ ನಡುವೆ ಬೆಳೆದಿರಲಿಲ್ಲ. ಹಿತ್ತಿಲಿನಲ್ಲಿ ಹಳೆಯ ಶವರ್ ಪರದೆ ಹಾಸಿ, ಅದರ ಮೇಲೆ ಕಾಡುಕುರಿಯನ್ನು ಮಲಗಿಸಿ, ತರಕಾರಿ ಹೆಚ್ಚುವ ಚಾಕು ಹಿಡಿದು ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದೆ. ತಲೆ ಎತ್ತಿದರೆ ಬೇಲಿಯ ಮೇಲೆ ಆಕೆಯ ಬಿಳಿ ತಲೆ.

"ಮುಗೀತು, ಪೊಲೀಸ್ರಿಗೆ ಫೋನ್ ಮಾಡ್ತಾಳ," ಎಂದು ಗಂಡ ಪಿಸುಗುಟ್ಟಿದ.

ಆಕೆ ಕಾಡುಕುರಿಯನ್ನು ನೋಡಿದರು, ನನ್ನ ಚಾಕುವನ್ನು ನೋಡಿದರು. "ಆ ಚಾಕುವಿನಲ್ಲಿ ಟೊಮೇಟೊ ಕೂಡ ಕತ್ತರಿಸಲಾಗದು," ಎಂದು ಹೇಳಿ ಮಾಯವಾದರು. ಮತ್ತೆ ಕಾಣಿಸಿಕೊಂಡದ್ದು ನಮ್ಮ ಹಿತ್ತಿಲ ಬಾಗಿಲಲ್ಲಿ. ಕಾಲಿಗೆ ರಬ್ಬರ್ ಬೂಟು, ಸೊಂಟಕ್ಕೆ ಏಪ್ರನ್, ಕೈಯಲ್ಲಿ ಸವೆದು ತೆಳ್ಳಗಾದ ಚೂರಿ. ಆಕೆಯ ತಂದೆ ನಾರ್ಫಕ್ ಕಡೆ ದೊಡ್ಡ ಎಸ್ಟೇಟೊಂದರಲ್ಲಿ ಬೇಟೆಯ ಪ್ರಾಣಿಗಳನ್ನು ಕಾಯುವ ಕೆಲಸದಲ್ಲಿದ್ದರಂತೆ. ಮೊಲ ಸುಲಿದು ಆಕೆಗೆ ರೂಢಿ. ಜಿಂಕೆ ಸುಲಿದದ್ದಿಲ್ಲ, ಸುಲಿಯುವುದನ್ನು ನೋಡಿದ್ದರು. ನಾನೂ ಅಜ್ಜನ ಮನೆಯಲ್ಲಿ ನೋಡಿದ್ದವಳೇ. ಇಬ್ಬರ ನೆನಪನ್ನೂ ಕೂಡಿಸಿದರೆ ಒಂದು ಕಾಡುಕುರಿಗೆ ಸಾಕಾಗುವಂತಿತ್ತು.

ಬಟ್ಟೆ ಒಣಹಾಕುವ ಕಂಬಕ್ಕೆ ಹಿಂಗಾಲು ಕಟ್ಟಿ ನೇತುಹಾಕಿದೆವು. ಹೊಟ್ಟೆ ಸೀಳಿ ನೋಡಿದರೆ ಕರುಳು ಒಡೆದಿರಲಿಲ್ಲ, ಆಕೆ ಮೂಸಿ ನೋಡಿ ಅಡ್ಡಿಯಿಲ್ಲ ಎಂದು ತಲೆಯಾಡಿಸಿದರು. ಒಂದು ಭುಜ ಮಾತ್ರ ಕಾರಿನ ಏಟಿಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು, ಅದನ್ನು ಬಿಟ್ಟೆವು. ಚರ್ಮ ಎಳೆಯುವಾಗ ಆಕೆ ಒಂದು ಕಡೆ, ನಾನು ಒಂದು ಕಡೆ. ನಡುವೆ ಆಕೆಯ ಬೂಟು ಜಾರಿ ಇಬ್ಬರೂ ಹುಲ್ಲಿನ ಮೇಲೆ ಕೂತುಬಿಟ್ಟೆವು. ಆಕೆ ನಗತೊಡಗಿದರು, ನನಗೂ ನಗು ತಡೆಯಲಾಗಲಿಲ್ಲ. ಗಂಡ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದವನು, "ಇಬ್ರೂ ಸೇರಿ ನನ್ನ ಜೇಲಿಗೆ ಕಳಸ್ತೀರಿ," ಎಂದು ಗೊಣಗುತ್ತಲೇ ಬಕೆಟ್ಟಿನಲ್ಲಿ ಬಿಸಿನೀರು ತಂದಿಟ್ಟ.

ಜಗಳ ಶುರುವಾದದ್ದು ಆಮೇಲೆ. ಮಾಂಸವನ್ನು ಕೆಲವು ದಿನ ತಣ್ಣಗೆ ನೇತುಹಾಕಬೇಕು, ಆಗಲೇ ಮೆತ್ತಗಾಗುತ್ತದೆ ಎಂದು ಆಕೆ. ಇವತ್ತಿನದನ್ನು ಇವತ್ತೇ ಬೇಯಿಸಬೇಕು ಎಂದು ನಾನು. ಕೊನೆಗೆ ಹಿಂಗಾಲುಗಳು ಆಕೆಯ ಶೆಡ್ಡಿಗೆ ಹೋದವು, ಉಳಿದದ್ದು ನನ್ನ ಕುಕ್ಕರಿಗೆ ಬಂತು. ಒಣಕೊಬ್ಬರಿ, ಎಳ್ಳು, ಬೆಳ್ಳುಳ್ಳಿ ಹುರಿದು ಅರೆದು, ಊರಿನ ಖಾರದಪುಡಿ ಹಾಕಿ ಸಾರು ಮಾಡಿದೆ. ಜೋಳದ ರೊಟ್ಟಿ ಬಡಿದೆ. ಆಕೆಯನ್ನು ಊಟಕ್ಕೆ ಕರೆದೆ.

ಮೊದಲ ತುತ್ತಿಗೇ ಆಕೆಯ ಮೂಗು, ಕಣ್ಣು ಎರಡೂ ಸುರಿಯತೊಡಗಿದವು. ನಾನು ಗಾಬರಿಯಿಂದ ಮೊಸರು ಮುಂದೆ ತಳ್ಳಿದೆ. ಆಕೆ ತಟ್ಟೆ ಬಿಡಲಿಲ್ಲ. ರೊಟ್ಟಿ ಮುರಿಯುವುದು ಹೇಗೆಂದು ನನ್ನ ಗಂಡನ ಬೆರಳುಗಳನ್ನು ನೋಡಿ ಕಲಿತರು. ನಾನು ಕಿಟಕಿಯ ಮಾತು ಕೇಳಿಯೇಬಿಟ್ಟೆ: "ನಮ್ಮ ಒಗ್ಗರಣೆ ವಾಸನೆ ನಿಮಗೆ ಆಗಿಬರುವುದಿಲ್ಲ, ಅಲ್ಲವೇ?"

"ಯಾರು ಹೇಳಿದರು?" ಎಂದರು ಆಕೆ, ಕಣ್ಣೊರೆಸಿಕೊಳ್ಳುತ್ತ. "ಒಬ್ಬಳೇ ಕೂತು ಟಿನ್ನಿನ ಸೂಪು ಕುಡಿಯುವಾಗ ಆ ಪರಿಮಳ ಬಂದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಮುಚ್ಚುತ್ತೇನೆ."

ಗಂಡ ನನ್ನ ಮುಖ ನೋಡಿದ. ನಾನು ಇನ್ನೊಂದು ಸೌಟು ಬಡಿಸಿದೆ.

ವಾರ ಕಳೆಯುವ ಮೊದಲೇ ಆಕೆಯ ಮನೆಯಲ್ಲಿ ಹಿಂಗಾಲಿನ ಊಟವಾಯಿತು. ಗಜ್ಜರಿ, ಆಲೂಗಡ್ಡೆ ಜೊತೆ ನಿಧಾನ ಉರಿಯಲ್ಲಿ ಬೆಂದ ಮಾಂಸ ಬೆಣ್ಣೆಯಂತಿತ್ತು. ಉಪ್ಪು ಬಿಟ್ಟರೆ ಅದರಲ್ಲಿ ಮತ್ತೇನಿದೆಯೆಂದು ತಿಳಿಯಲಿಲ್ಲ. ನೇತುಹಾಕುವ ವಿಷಯದಲ್ಲಿ ಆಕೆ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡೆ. ಖಾರದ ವಿಷಯದಲ್ಲಿ ನಾನೇ ಸರಿ ಎಂದು ಆಕೆ ಒಪ್ಪಿದರು.

ಅಲ್ಲಿಂದಾಚೆ ಆಕೆ ನಮ್ಮ ಮನೆಯವರೇ ಆದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಎಜ್‌ವೇರಿನ ಕಣ್ಣಿನ ಡಾಕ್ಟರಲ್ಲಿಗೆ ಆಕೆಯನ್ನು ಕರೆದೊಯ್ದಿದ್ದೆವು. ವಾಪಸು ಬರುವಾಗ ಮಧ್ಯಾಹ್ನ ತಿರುಗಾಡಿಕೊಂಡು ಹೋಗೋಣವೆಂದು ಸ್ಟ್ಯಾನ್‌ಮೋರಿನಾಚೆಯ ಅದೇ ಮರಗಳ ರಸ್ತೆ ಹಿಡಿದೆವು. ಹುಲ್ಲಿನ ಮೇಲೆ ಕಾಡುಕುರಿಯೊಂದು ಬಿದ್ದಿತ್ತು. ಈ ಸಲ "ನಿಲ್ಲಸ್ಲ್ಯಾ?" ಎಂದು ಮೊದಲು ಕೇಳಿದವನು ನನ್ನ ಗಂಡನೇ. ಮೂವರೂ ಇಳಿದೆವು. ಔಷಧಿ ಹಾಕಿದ ಕಣ್ಣನ್ನು ಕಿರಿದು ಮಾಡಿಕೊಂಡು ಆಕೆ ಹತ್ತಿರ ಬಾಗಿದರು. ಅದು ಒಮ್ಮೆ ಸೀನಿತು. ಎದ್ದು ನಿಂತು, ಮೈ ಕೊಡವಿ, ನಮ್ಮ ಮೂವರನ್ನೂ ನೋಡಿ, ಅವಸರವಿಲ್ಲದೆ ಪೊದೆಯೊಳಗೆ ನಡೆದುಹೋಯಿತು. ಬಿಸಿಲಿಗೆ ಮಲಗಿತ್ತೋ, ಎಲ್ಲಿಯೋ ಏಟು ತಿಂದು ಮಂಕಾಗಿತ್ತೋ ತಿಳಿಯದು.

"ಒಳ್ಳೆಯದೇ ಆಯಿತು," ಎಂದರು ಆಕೆ. "ಆದರೆ ನನಗೀಗ ವಿಪರೀತ ಹಸಿವು."

ಸ್ಟ್ಯಾನ್‌ಮೋರಿನಲ್ಲಿ ಮೀನು, ಚಿಪ್ಸ್ ಕೊಂಡು ಬೆಂಚಿನ ಮೇಲೆ ಕೂತು, ಬೆರಳು ಸುಡುತ್ತಿದ್ದರೂ ಕಾಯದೆ ತಿಂದೆವು.