ಅವ್ವನ ಭುಜಕ್ಕೆ ನಾನೇ ಸೂಜಿ ಹಾಕಿದ್ದು

ದೇವದುರ್ಗದ ಕಡೆಯ ಹೊಲಗಳಲ್ಲಿ ಹತ್ತಿ ಬಿಡಿಸಿ, ಆಮೇಲೆ ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದು ಅವ್ವ ನನ್ನನ್ನು ಡಾಕ್ಟರ್ ಓದಿಸಿದಳು. ಹೋದ ವರ್ಷ ಅವಳ ಬಲ ಭುಜ ಬಿಗಿದುಕೊಂಡಿತು. ತುರುಬು ಕಟ್ಟಿಕೊಳ್ಳಲೂ ಕೈ ಏಳದು. ಮಾನ್ವಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದವಳು ನನಗೆ ಹೇಳದೆ ಎಲ್ಲೋ ಎರಡು ಸಲ ಸೂಜಿ ಹಾಕಿಸಿಕೊಂಡಿದ್ದಳು. ಗುಣವಾಗಿರಲಿಲ್ಲ. ಕೊನೆಗೆ ನನಗೆ ಗೊತ್ತಾಗಿ ಅವಳನ್ನು ರಾಯಚೂರಿಗೆ ಕರೆಸಿಕೊಂಡೆ.

"ದಿನಾ ಊರ ಮಂದಿ ಭುಜ ನೋಡ್ತೀನಿ. ನಿಂದು ನನಗ್ಯಾಕ ಹೇಳಲಿಲ್ಲ ಯವ್ವಾ?"

"ನಿನಗ ಮೊದಲೇ ಕೆಲಸ ಭಾಳ" ಎಂದಳು.

ನನ್ನ ಕೆಲಸ ರಾಯಚೂರಿನ ಆಸ್ಪತ್ರೆಯೊಂದರ ಸ್ಕ್ಯಾನಿಂಗ್ ಕೋಣೆಯಲ್ಲಿ. ಪರದೆಯ ಮೇಲೆ ಒಳಗಿನ ಎಲುಬು, ನರ ನೋಡಿಕೊಳ್ಳುತ್ತ, ಸೂಜಿಯನ್ನು ಸರಿಯಾಗಿ ಕೀಲಿನೊಳಗೆ ಇಳಿಸಿ ಔಷಧಿ ಬಿಡುತ್ತೇನೆ. ಎಷ್ಟೋ ಜನರಿಗೆ ಮಾಡಿದ್ದೆ. ಅವ್ವನಿಗೆಂದಾಗ ಮಾತ್ರ ಧೈರ್ಯ ಸಾಲದೆ, ನೀವೇ ಹಾಕಿ ಎಂದು ನಮ್ಮ ಹಿರಿಯ ಡಾಕ್ಟರನ್ನು ಕೇಳಿಕೊಂಡೆ. ಅವರು ಒಪ್ಪಿದರು. ಅವ್ವ ಒಪ್ಪಲಿಲ್ಲ.

"ಮಂದಿ ಅವ್ವಂದಿರಿಗೆಲ್ಲ ಹಾಕ್ತಿ. ನಿಮ್ಮವ್ವ ಏನ್ ಪಾಪ ಮಾಡ್ಯಾಳ?"

ಹಿರಿಯರು ನಕ್ಕುಬಿಟ್ಟರು. "ನೀವ ಮಾಡ್ರಿ. ನಾ ಬಾಜೂಕ ನಿಂದರ್ತೀನಿ."

ಅವ್ವ ಎಡಮಗ್ಗುಲಾಗಿ, ಪರದೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಬೆನ್ನ ಹಿಂದೆ ನಿಂತು ಭುಜಕ್ಕೆ ಜೆಲ್ ಹಚ್ಚಿದೆ. ಒಂದು ಕೈಯಲ್ಲಿ ಸ್ಕ್ಯಾನರ್ ಒತ್ತಿ ಹಿಡಿದು, ಇನ್ನೊಂದರಿಂದ ಸೂಜಿ ಚುಚ್ಚಿದೆ. ಸೂಜಿ ಒಳಗಿಳಿದಂತೆ ಪರದೆಯ ಮೇಲೆ ಬಿಳಿ ಗೆರೆ ಮೂಡಿತು.

"ಹತ್ತಿ ಎಳಿ ಇದ್ದಂಗ ಕಾಣತದಲ್ಲ, ಅದೇನು?" ಎಂದಳು ಅವ್ವ.

"ಅದ ಸೂಜಿ. ಅಳ್ಳಾಡಬ್ಯಾಡ."

"ನಾ ಎಲ್ಲಿ ಅಳ್ಳಾಡಾಕತ್ತೀನಿ? ನೀ ನೋಡಿಕೋತ ನಡಿ."

ತುದಿ ಕೀಲು ಮುಟ್ಟಿತು. ಔಷಧಿ ಕೀಲಿನೊಳಗೆ ಹರಡಿದ್ದನ್ನು ಮೂವರೂ ನೋಡಿದೆವು. ಹಿರಿಯರು ಅವ್ವನ ಹತ್ತಿರ ಬಗ್ಗಿ, "ಮಗಳ ಕೈ ಭಾಳ ಛಲೋ ಅದ ರೀ" ಎಂದರು.

"ನನಗ ಗೊತ್ತದ ರೀ" ಎಂದಳು ಅವ್ವ.

ನೋವು ಒಂದೇ ದಿನಕ್ಕೆ ಹೋಗಲಿಲ್ಲ. ನಾನು ಕಲಿಸಿದ ವ್ಯಾಯಾಮವನ್ನು ಹಲ್ಲು ಕಚ್ಚಿ ಮಾಡಿದಳು. ಕೆಲವು ವಾರಗಳಾದ ಮೇಲೆ ಮಾನ್ವಿಯಿಂದ ಒಬ್ಬಳೇ ಬಂದಳು. ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲವಂತೆ, ಬಲಗೈಯಿಂದಲೇ ಮೇಲಿನ ಕಂಬಿ ಹಿಡಿದು ನಿಂತಿದ್ದಳಂತೆ.

ಮರುದಿನ ಇಬ್ಬರು ಹೆಂಗಸರು ನನ್ನ ಕೋಣೆಯ ಬಾಗಿಲಿಗೆ ಬಂದು ಕೇಳಿದರು: "ನಿನ್ನಿ ಬಸ್ಸಿನ್ಯಾಗ ಒಬ್ಬ ಯವ್ವ ಎಲ್ಲಾರಿಗೂ ಕೈ ಎತ್ತೆತ್ತಿ ತೋರಸಾಕತ್ತಿದ್ಲು. ಆಕಿ ಮಗಳು ನೀವ ಏನ್ರೀ?"

"ಹೌದ್ರೀ, ನಾನ. ಒಳಗ ಬರ್ರಿ" ಎಂದೆ.